ಹದಿನೇಳನೆಯ ಪಾಠದ ಒಪ್ಪೋಲೆ

ಸಾಲು ಬಿಟ್ಟದ್ದು ನಾನು. ಪುಟ್ಟಸ್ವಾಮಯ್ಯನವರಲ್ಲ.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಬರೆದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ – ಆಗಲಿಲ್ಲ. ಸುಳ್ಳು ಹೇಳಿದವನೂ ನಾನೇ, ಆ ಸುಳ್ಳಿಗೆ ಪುರಾವೆ ಹೊಂದಿಸಿ ಇಟ್ಟವನೂ ನಾನೇ. ಈಗ ನಿಜ ಹೇಳಿದರೂ ನಂಬಬೇಕಾದವರು ನಂಬುತ್ತಿಲ್ಲ. ಅದನ್ನು ಮೊದಲಿಂದ ಹೇಳುತ್ತೇನೆ.

ವೆಬ್ ಪುಟ ಕಟ್ಟುವುದನ್ನು ಕಲಿಯುವವರಿಗಾಗಿ ನಾನು ಕನ್ನಡದಲ್ಲಿ ಈ ತಾಣ ನಡೆಸುತ್ತೇನೆ. ಸೋಮವಾರಕ್ಕೊಂದು ಪತ್ರ – ಬ್ರೌಸರುಗಳಲ್ಲಿ ಹೊಸದೇನು ಬಂತು, ಯಾವುದನ್ನು ಇನ್ನು ಬಳಸಬಾರದು – ಅದರ ಜೊತೆಗೆ, ಬೇಕಾದ ಕೋಡನ್ನು ಸಾಲು ಸಾಲಾಗಿ ಕೊಡುವ ಒಂದು ಪಾಠ. ಸುಮ್ಮನೆ ನೋಡಿ ಹೋಗುವ ಪುಟಗಳ ಪಾಠವಲ್ಲ. ಒತ್ತಿದರೆ ಉತ್ತರ ಕೊಡುವ, ತುಂಬಿದರೆ ಪರಿಶೀಲಿಸುವ ಪುಟಗಳದು. ವಿಜಯನಗರದ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಬಾಡಿಗೆ ಮನೆಯ ಅಡುಗೆಮನೆ ಮೇಜಿನ ಮೇಲೆ ಕೂತು ಬರೆದವು ಅವೆಲ್ಲ. ತಾಣದ ತಲೆಯ ಮೇಲೆ ಒಂದು ವಾಕ್ಯ ಹಾಕಿಕೊಂಡಿದ್ದೆ: ‘ಓಡಿಸಿ ನೋಡದ ಒಂದು ಸಾಲೂ ಇಲ್ಲಿಲ್ಲ.’ ಆ ವಾಕ್ಯದ ಬಗ್ಗೆ ನನಗಿದ್ದ ಜಂಬ ಎಷ್ಟೆಂದರೆ – ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಓದುಗರೆಲ್ಲ ಒಮ್ಮೆ ಸೇರೋಣ ಎಂದು ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿಗೆ ಕರೆದಿದ್ದೆ. ಏಳೆಂಟು ಜನ ಕಾಲೇಜು ಹುಡುಗರು ಬಂದರು. ಅವರ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಐವತ್ತು ದಾಟಿದ ಒಬ್ಬರು. ಯಾರದೋ ತಂದೆ ಇರಬೇಕು, ಮಗನನ್ನು ಬಿಡಲು ಬಂದಿದ್ದಾರೆ ಎಂದುಕೊಂಡೆ. ಅವರು ಕೈಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ನನ್ನ ಮುಂದೆ ಹಿಡಿದರು.

ಪುಟ್ಟಸ್ವಾಮಯ್ಯ. ಮನೆ ಲಗ್ಗೆರೆ. ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೇಳು ವರ್ಷ ಪ್ರೂಫ್ ನೋಡಿದವರು. ಮುದ್ರಣಾಲಯ ಮುಚ್ಚಿತ್ತು. ಹಳೆಯ ಪರಿಚಯದ ಪ್ರಕಾಶಕರಿಬ್ಬರು ಆಗಾಗ ಮನೆಗೇ ಪ್ರೂಫ್ ಕಳಿಸುತ್ತಿದ್ದರಂತೆ. ಅಷ್ಟರಿಂದ ಸಂಸಾರ ಸಾಗುತ್ತಿರಲಿಲ್ಲ.

“ಅಕ್ಷರ ಕಾಗದ ಬಿಟ್ಟು ಪರದೆಗೆ ಹೋಯ್ತು ಮೇಷ್ಟ್ರೇ. ಅದರ ಹಿಂದೆ ನಾನೂ ಹೋಗ್ತಾ ಇದೀನಿ” ಎಂದರು. ನನಗಾಗ ಇಪ್ಪತ್ತೊಂಬತ್ತು. ನನ್ನನ್ನು ಮೇಷ್ಟ್ರೇ ಎಂದು ಕರೆದವರು ಅವರೊಬ್ಬರೇ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಫೋನಿನಲ್ಲಿ ನನ್ನ ಪಾಠ ತೆರೆದು, ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು, ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಇಳಿಸಿದ್ದನ್ನು ಮತ್ತೆ ಫೋನಿನ ಜೊತೆ ಸರಿಹೋಲಿಸಿ ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕುತ್ತಿದ್ದರು. ಆಮೇಲೆ ಬಿಡುವಾದಾಗ ಪರಿಚಯದ ಡಿಟಿಪಿ ಅಂಗಡಿಗೆ ಹೋಗಿ ಅದನ್ನು ಟೈಪ್ ಮಾಡಿ ಓಡಿಸಿ ನೋಡುವುದು. ಹುಡುಗರು ಮುಖ ಮುಖ ನೋಡಿಕೊಂಡರು. “ಕಾಪಿ ಪೇಸ್ಟ್ ಮಾಡಿದ್ರೆ ಆಯ್ತಲ್ಲ ಅಂಕಲ್” ಎಂದ ಒಬ್ಬ.

“ನನಗೆ ಕೈಯಿಂದಾನೇ ತಲೆಗೆ ಹೋಗೋದು ಕಣಪ್ಪ” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ಇಪ್ಪತ್ತೇಳು ವರ್ಷದಲ್ಲಿ ಅಕ್ಷರ ತಪ್ಪಿದೆ, ಇಲ್ಲ ಅನ್ನಲ್ಲ. ಸಾಲು ಬಿಟ್ಟಿಲ್ಲ ಮೇಷ್ಟ್ರೇ. ಒಂದು ಸಾಲೂ ಬಿಟ್ಟಿಲ್ಲ.”

ಅವತ್ತೇ ಒಪ್ಪೋಲೆಯ ಮಾತು ಬಂದದ್ದು. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಇಂಥ ಪುಟದ ಇಂಥ ಸಾಲಿನಲ್ಲಿ ಇಂಥ ತಪ್ಪು, ಅದು ಹೀಗಿರಬೇಕು ಎಂದು ಒಂದು ಚೀಟಿ ಅಚ್ಚು ಹಾಕಿಸಿ, ಪ್ರತಿಯೊಂದು ಪುಸ್ತಕಕ್ಕೂ ಕೈಯಿಂದ ಅಂಟಿಸುತ್ತಿದ್ದರಂತೆ. ಅದೇ ಒಪ್ಪೋಲೆ. “ನಿಮ್ಮಲ್ಲಿ ಹೆಂಗೆ?” ಎಂದು ಕೇಳಿದರು.

“ನಮ್ಮಲ್ಲಿ ಆ ಗೋಜೇ ಇಲ್ಲ ಸಾರ್. ತಿದ್ದಿದ್ರೆ ಮುಗೀತು.”

“ಆಗಲೇ ಓದ್ಕೊಂಡು ಹೋದೋರಿಗೆ ಹೆಂಗೆ ಗೊತ್ತಾಗುತ್ತೆ?”

ನಾನು ನಕ್ಕುಬಿಟ್ಟೆ.

ಹದಿನೇಳನೆಯ ಪಾಠ ಬಂದದ್ದು ಅದಾಗಿ ಎರಡು ತಿಂಗಳಿಗೆ. ಫಾರಂ ತುಂಬಿಸಿಕೊಂಡು, ಸರಿಯಿದೆಯೇ ಎಂದು ನೋಡಿ, ಅಲ್ಲೇ ಉತ್ತರ ತೋರಿಸುವ ಪುಟ ಅದು. ಫಾರಂ ತುಂಬಿ ಬಟನ್ ಒತ್ತಿದಾಗ ಬ್ರೌಸರ್ ತನ್ನ ಹಳೇ ಚಾಳಿಯಂತೆ ಪುಟವನ್ನು ಮೊದಲಿಂದ ತೆರೆಯುತ್ತದೆ, ತುಂಬಿದ್ದೆಲ್ಲ ಮಾಯ. ಹಾಗೆ ಮಾಡಬೇಡ ಎಂದು ಅದಕ್ಕೆ ಹೇಳುವ ಒಂದು ಸಾಲು ಇರಬೇಕು. ನಾನು ಓಡಿಸಿ ನೋಡಿದ್ದ ಕಡತದಲ್ಲಿ ಅದು ಇತ್ತು. ಪಾಠಕ್ಕೆ ಹಾಕಿದ್ದು ಅದಕ್ಕಿಂತ ಹಿಂದಿನ ಪ್ರತಿ – ಅದರಲ್ಲಿ ಇರಲಿಲ್ಲ. ಒಂಬತ್ತನೆಯ ಸಾಲು. ಸೋಮಾರಿತನ, ಬೇರೇನಲ್ಲ.

ಅದೇ ವಾರ ಪುಟ್ಟಸ್ವಾಮಯ್ಯನವರಿಗೆ ಒಂದು ಕೆಲಸದ ಆಸೆ ಹುಟ್ಟಿತ್ತು. ಬಸವೇಶ್ವರನಗರದಲ್ಲಿ ಕಲ್ಯಾಣ ಮಂಟಪಗಳಿಗೆ ವೆಬ್ ಪುಟ ಮಾಡಿಕೊಡುವ ಒಂದು ಸಣ್ಣ ಕಚೇರಿ. ಕನ್ನಡ ತಪ್ಪಿಲ್ಲದೆ ಬರೆಯಬಲ್ಲ, ಪುಟವನ್ನೂ ಕಟ್ಟಬಲ್ಲ ಒಬ್ಬರು ಬೇಕಿತ್ತಂತೆ. ಸೋಮವಾರ ಬಂದು ಕೂತು, ನಮ್ಮೆದುರಿಗೇ ಮಂಟಪ ಕಾದಿರಿಸುವ ಒಂದು ಫಾರಂ ಮಾಡಿ ತೋರಿಸಿ, ನೋಟ್‌ಬುಕ್ ನೋಡಿಕೊಂಡರೂ ಪರವಾಗಿಲ್ಲ ಎಂದು ಶನಿವಾರ ರಾತ್ರಿ ಹೇಳಿದ್ದರು. ಹಿಂದಿನ ದಿನ ಭಾನುವಾರ, ಡಿಟಿಪಿ ಅಂಗಡಿ ಮುಚ್ಚಿತ್ತು. ಇವರು ನನ್ನ ಪಾಠವನ್ನು ಇಳಿಸಿಕೊಂಡು, ಎರಡು ಸಲ ಸರಿಹೋಲಿಸಿ, ಓಡಿಸಿ ನೋಡದೆಯೇ ಹೋದರು. ಓಡಿಸಿ ನೋಡಿದ್ದೇನೆ ಎಂದು ನಾನು ತಲೆಯ ಮೇಲೆ ಬರೆದುಕೊಂಡಿದ್ದೆನಲ್ಲ.

ಅಲ್ಲಿ ಏನಾಯಿತೆಂದು ಅವರೇ ನನಗೆ ಬರೆದರು. ಮಾಲೀಕರು ಹೆಸರು, ದಿನಾಂಕ, ಫೋನ್ ನಂಬರ್ ಎಲ್ಲ ತುಂಬಿ ಬಟನ್ ಒತ್ತಿದರಂತೆ. ಎಲ್ಲ ಅಳಿಸಿಹೋಯಿತು. ಇನ್ನೊಮ್ಮೆ ತುಂಬಿದರು, ಇನ್ನೊಮ್ಮೆ ಹೋಯಿತು. ಮೂರನೆಯ ಸಲ ಅವರು ತುಂಬಲಿಲ್ಲ. “ಈ ವಯಸ್ಸಿಗೆ ಯಾಕೆ ಸಾರ್ ಇದೆಲ್ಲ ನಿಮಗೆ” ಎಂದು ಕಾಫಿ ತರಿಸಿಕೊಟ್ಟು ಕಳಿಸಿದರಂತೆ. ಪತ್ರದ ಕೊನೆಗೆ ಇಷ್ಟಿತ್ತು: ‘ನಾನು ಎಲ್ಲಿ ತಪ್ಪಿದೆನೆಂದು ದಯವಿಟ್ಟು ತಿಳಿಸಬೇಕು.’

ಪಾಠ ತೆರೆದೆ. ನೋಡಿದೊಡನೆ ಗೊತ್ತಾಯಿತು.

ಆ ವಾರ ಒಂದು ಕಾಲೇಜಿನವರು ತಮ್ಮ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡಬಹುದೇ ಎಂದು ನನ್ನ ತಾಣವನ್ನು ನೋಡುತ್ತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ... ಅವರು ನೋಡದಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಒಂಬತ್ತನೆಯ ಸಾಲನ್ನು ಸೇರಿಸಿದೆ. ಉಳಿಸಿದೆ. ಪುಟ ಎಂದೂ ತಪ್ಪೇ ಇರಲಿಲ್ಲವೆಂಬಂತೆ ಕೂತಿತು. ಹಳೆಯ ಪ್ರತಿಗಳನ್ನು ಯಾವತ್ತೂ ಕಾದಿಡಬೇಕು ಎಂದು ನಾನೇ ಒಂದು ಪಾಠ ಬರೆದಿದ್ದೆ. ನನ್ನ ತಾಣದ ಹಳೆಯ ಪ್ರತಿ ಒಂದೂ ನನ್ನಲ್ಲಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆಮೇಲೆ ಅವರಿಗೆ ಉತ್ತರ ಬರೆದೆ:

‘ಪಾಠ ಸರಿಯಾಗಿಯೇ ಇದೆ ಸಾರ್. ಬರೆದುಕೊಳ್ಳುವಾಗ ನೀವು ಒಂದು ಸಾಲು ಬಿಟ್ಟಿದ್ದೀರಿ. ಇನ್ನೊಮ್ಮೆ ನೋಡಿ.’

ಒಂದು ಸಾಲು ಬಿಟ್ಟಿದ್ದೀರಿ – ಇದನ್ನು ಬರೆಯುವಾಗ ಪಾರ್ಕಿನಲ್ಲಿ ಅವರು ಹೇಳಿದ ಮಾತು ನನಗೆ ನೆನಪಿತ್ತು. ನೆನಪಿತ್ತು. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಈ ಬರಹವೂ ಇನ್ನೊಂದು ಸುಳ್ಳಾಗುತ್ತದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ‘ಹೌದು ಮೇಷ್ಟ್ರೇ. ಈಗ ಕಾಣಿಸಿತು. ಎರಡು ಸಲ ನೋಡಿದ್ದೆ. ಕ್ಷಮಿಸಿ.’

ಕ್ಷಮಿಸಿ ಎಂದು ಅವರು ಬರೆದರು. ನಾನು ‘ಪರವಾಗಿಲ್ಲ ಸಾರ್’ ಎಂದು ಕಳಿಸಿದೆ. ಅಲ್ಲಿಂದಾಚೆಗೆ ಅವರಿಂದ ಪತ್ರ ಬರಲಿಲ್ಲ. ಕಲಿಯುವವರು ಬರುತ್ತಾರೆ, ಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಲೇಜಿನವರು ನನ್ನ ತಾಣವನ್ನು ಒಪ್ಪಿದರು.

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮನೆ ನೋಡಲು ಅನ್ನಪೂರ್ಣೇಶ್ವರಿ ನಗರದ ಒಂದು ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನ ಬಳಿ ನೀಲಿ ಸಮವಸ್ತ್ರದಲ್ಲಿ ಪುಟ್ಟಸ್ವಾಮಯ್ಯನವರು ಕೂತಿದ್ದರು. ನನಗಿಂತ ಮೊದಲು ಅವರೇ ಗುರುತು ಹಿಡಿದು ಎದ್ದು ನಿಂತರು. ಊಟದ ಪೊಟ್ಟಣ ತಂದಿದ್ದ ಒಬ್ಬ ಸವಾರ ಅವಸರದಲ್ಲಿದ್ದ. ಬಂದವರ ಹೆಸರು, ಗಾಡಿ ನಂಬರು ಬರೆಯುವ ರಿಜಿಸ್ಟರನ್ನು ಇವರು ಅವನ ಕಡೆ ತಳ್ಳಿ, “ನೀವೇ ಬರ್ಕೊಳ್ಳಿ ಅಣ್ಣ, ನನ್ನ ಕಣ್ಣು ನೆಚ್ಚೋ ಹಂಗಿಲ್ಲ” ಎಂದರು.

ಪ್ರೂಫ್ ಕೆಲಸ ಏನಾಯಿತು ಎಂದು ಕೇಳಿದೆ.

“ಬಿಟ್ಟೆ ಮೇಷ್ಟ್ರೇ. ನಿಮ್ಮ ಉತ್ತರ ಬಂತಲ್ಲ, ಅದರ ಮಾರನೇ ದಿನಾನೇ ಮನೇಲಿದ್ದ ಪ್ರೂಫೆಲ್ಲ ವಾಪಸ್ ಕೊಟ್ಟು ಬಂದೆ. ಎದುರಿಗಿರೋ ಸಾಲನ್ನೇ ಎರಡು ಸಲ ನೋಡಿ ಬಿಟ್ಟವನು, ಇನ್ನೊಬ್ಬರ ಪುಸ್ತಕಕ್ಕೆ ಕೈ ಹಾಕಬಾರದು. ನೀವು ಹೇಳಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ಇನ್ನೆಷ್ಟು ಪುಸ್ತಕ ಕೆಡಿಸ್ತಿದ್ನೋ.”

ನನಗೆ ಕೃತಜ್ಞತೆ ಹೇಳಿದರು. ಗೇಟಿನಲ್ಲಿ ನಿಂತು, ಕೈಮುಗಿದು. ನಾನು – ನಾನು ತಲೆಯಾಡಿಸಿದೆ. ಮುಂದಿನ ಭಾನುವಾರ ಬಂದರೆ ನೋಟ್‌ಬುಕ್ ತಂದುಕೊಡುತ್ತೇನೆ, ಯಾರಾದರೂ ಕಲಿಯುವವರಿಗೆ ಕೊಡಿ ಎಂದರು. ಅದಕ್ಕೂ ತಲೆಯಾಡಿಸಿದೆ. ಮೊದಲ ಸುಳ್ಳನ್ನು ಬರೆಯಬೇಕಾಗಿತ್ತು. ಎರಡನೆಯದಕ್ಕೆ ಬಾಯಿಯೂ ತೆರೆಯಬೇಕಾಗಲಿಲ್ಲ.

ಮುಂದಿನ ಭಾನುವಾರ ನೋಟ್‌ಬುಕ್ ಕೈಗೆ ಬಂದಾಗ ಅಲ್ಲೇ ಗೇಟಿನ ಬಳಿ ಹದಿನೇಳನೆಯ ಪಾಠ ತೆರೆದೆ. ನನ್ನ ತಪ್ಪು ಪಾಠ, ನಾನು ಹಾಕಿದ್ದ ಹಾಗೆಯೇ, ಅವರ ದುಂಡನೆಯ ಅಕ್ಷರದಲ್ಲಿ. ಪ್ರತಿ ಸಾಲಿನ ಕೊನೆಗೂ ಪೆನ್ಸಿಲಿನ ಎರಡೆರಡು ಗುರುತು. ಎಂಟನೆಯ ಸಾಲಿನ ಕೆಳಗೆ ಪ್ರೂಫಿನಲ್ಲಿ ಹಾಕುವ ಸೇರ್ಪಡೆಯ ಗುರುತು ಹಾಕಿ, ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬಿಟ್ಟ ಸಾಲನ್ನು ಬರೆದಿದ್ದರು. ಅದರ ಪಕ್ಕ: ‘ನನ್ನ ತಪ್ಪು.’

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ತಿದ್ದಿದ್ದು, ಉತ್ತರ ಬರೆದದ್ದು, ಅವರ ಮಾತು ನೆನಪಿದ್ದೂ ಬರೆದದ್ದು. ಅವರು ಕೊನೆಯವರೆಗೆ ಕೇಳಿದರು. ಆಮೇಲೆ, ಮಗುವನ್ನು ಸಮಾಧಾನ ಮಾಡುವ ಹಾಗೆ ನಕ್ಕರು.

“ಬಿಡಿ ಮೇಷ್ಟ್ರೇ, ನನ್ನ ಈ ಸ್ಥಿತೀಲಿ ನೋಡಿ ನಿಮಗೆ ಬೇಜಾರಾಗಿದೆ. ಅದಕ್ಕೆ ಹಿಂಗೆ ಹೇಳ್ತಿದೀರಿ.”

“ಇಲ್ಲ ಸಾರ್, ನಿಜವಾಗ್ಲೂ –”

“ನಿಮ್ಮ ಪುಟ ನಾನೇ ನೋಡಿದೀನಲ್ಲ, ಸಾಲು ಅಲ್ಲೇ ಇತ್ತು. ತಪ್ಪಾಗಿದ್ರೆ ನೀವು ಒಪ್ಪೋಲೆ ಹಾಕ್ದೇ ಇರ್ತಿದ್ರಾ? ನಿಮ್ಮಂಥೋರು?”

ತೋರಿಸಲು ನನ್ನಲ್ಲಿ ಏನಿದೆ? ಹಳೆಯ ಪುಟವನ್ನು ನಾನೇ ಅಳಿಸಿದ್ದೆ. ಉಳಿದ ಒಂದೇ ಸಾಕ್ಷಿ ಆ ನೋಟ್‌ಬುಕ್. ಅದರಲ್ಲಿ ಅವರೇ ಕೈಯಾರೆ ತಪ್ಪೊಪ್ಪಿಕೊಂಡಿದ್ದಾರೆ.

ಮನೆಗೆ ಬಂದು ತಾಣದ ತಲೆಯ ಮೇಲಿನ ಆ ವಾಕ್ಯವನ್ನು ತೆಗೆದೆ. ಹದಿನೇಳನೆಯ ಪಾಠದ ಮೇಲೆ ಒಪ್ಪೋಲೆ ಹಾಕಿದೆ, ಆರು ವರ್ಷ ತಡವಾಗಿ. ಅದರಲ್ಲಿ ಅವರ ಹೆಸರಿದೆ, ನನ್ನ ಹೆಸರಿದೆ, ಯಾರು ಸಾಲು ಬಿಟ್ಟರು, ಯಾರು ಸುಳ್ಳು ಹೇಳಿದರು ಎಂಬುದಿದೆ. ಅದನ್ನೇ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಅವರ ನೋಟ್‌ಬುಕ್ಕಿನ ಅದೇ ಪುಟಕ್ಕೆ ಗೋಂದು ಹಚ್ಚಿ ಅಂಟಿಸಿ, ಮೊನ್ನೆ ಭಾನುವಾರ ಮತ್ತೆ ಗೇಟಿಗೆ ಹೋದೆ.

ಅವರು ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ನೇರವಾಗಿ ಅಂಟಿದೆ ಎಂಬಂತೆ ತಲೆದೂಗಿದರು. ಆಮೇಲೆ ನೋಟ್‌ಬುಕ್ಕನ್ನು ನನಗೇ ಕೊಟ್ಟರು.

“ನೀವೇ ಓದಿ ಹೇಳಿ ಮೇಷ್ಟ್ರೇ. ನಾನು ಓದಿದ್ರೆ ಮಧ್ಯೆ ಎಲ್ಲಾದ್ರೂ ಒಂದು ಸಾಲು ಬಿಟ್ಟುಬಿಡ್ತೀನಿ.”

ನಾನು ಓದಿದೆ. ಒಂದು ಸಾಲೂ ಬಿಡದೆ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ನಿಮ್ಮ ಮನಸ್ಸು ದೊಡ್ಡದು” ಎಂದರು. ಅಷ್ಟರಲ್ಲಿ ಗೇಟಿಗೆ ಇನ್ನೊಂದು ಬೈಕು ಬಂತು. ಅವರು ಎದ್ದು ಹೋಗಿ, ರಿಜಿಸ್ಟರನ್ನು ಬಂದವನ ಮುಂದಿಟ್ಟು, ಪೆನ್ನನ್ನು ಅವನ ಕೈಗೆ ಕೊಟ್ಟರು.