ಅತ್ತೆಗೆ ಹಿಡಿದ ಸೀಟು

ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದನ್ನು ನಾನು ಕಲಿತದ್ದು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಎಸೆಯಬೇಕು. ಕರ್ಚೀಫು ಬಿದ್ದ ಸೀಟು ಎಸೆದವರದು. ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಆದರೂ ನಮ್ಮ ಕಡೆ ಹೊಲದ ಬದುವಿಗಿಂತ ಇದಕ್ಕೆ ಮರ್ಯಾದೆ ಹೆಚ್ಚು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೂ ಈ ವಿದ್ಯೆಯನ್ನು ನಾನು ಬಿಡಲಿಲ್ಲ. ಹೋದ ವರ್ಷ ಒಂದು ಸೋಮವಾರ ಅದರಿಂದ ಏನಾಯಿತೆಂಬುದನ್ನು, ಕಂಡಷ್ಟು ಮತ್ತು ಕೇಳಿದಷ್ಟು ಮಾತ್ರ ಹೇಳುತ್ತೇನೆ.

ನಮ್ಮತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ, ಆರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆ ಸೋಮವಾರ ತರೀಕೆರೆಯ ಒಂದು ಛತ್ರದಲ್ಲಿ ಕಣ್ಣಿನ ಶಿಬಿರವಿತ್ತು. ಹತ್ತೂವರೆಯೊಳಗೆ ಹೆಸರು ಬರೆಸಿದವರನ್ನು ವ್ಯಾನಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು ಆಪರೇಷನ್ ಮಾಡಿಸುತ್ತಿದ್ದರು. ತಪ್ಪಿಸಿಕೊಂಡರೆ ಮತ್ತೆ ಆರು ತಿಂಗಳು ಕಾಯಬೇಕಿತ್ತು.

ಎಂಟೂವರೆಯ ಬಸ್ಸು ಬಂದಾಗ ಬಾಗಿಲುಗಳು ಆಗಲೇ ಜನರಿಂದ ಮುಚ್ಚಿಹೋಗಿದ್ದವು. ಕಾಲೇಜಿನವರು, ಆಫೀಸಿನವರು, ಸಂತೆಗೆ ಹೊರಟವರು. ಹಿಂದಿನ ಬಾಗಿಲ ಮೆಟ್ಟಿಲಿನ ಮೇಲೆ ಏಳು ಜನ ಇದ್ದರು, ಎಣಿಸಿದ್ದೇನೆ. ಇಳಿಯುತ್ತಿದ್ದವರೊಬ್ಬರ ಜಾಗ ನೋಡಿಟ್ಟುಕೊಂಡು ಕಿಟಕಿಯಿಂದ ಊಟದ ಚೀಲ ಎಸೆದೆ. ಚೀಲದಲ್ಲಿ ಅತ್ತೆಯ ಫೋನೂ ಇತ್ತು. "ನನ್ನ ಸೆರಗು ಹಿಡ್ಕೊಳಿ, ಬಿಡ್ಬೇಡಿ," ಎಂದು ಅತ್ತೆಗೆ ಹೇಳಿ ಅದೇ ಬಾಗಿಲಿಗೆ ನುಗ್ಗಿದೆ. ಮೆಟ್ಟಿಲು ಹತ್ತುವಾಗ ಯಾರೋ ಸೆರಗು ಜಗ್ಗುತ್ತಿದ್ದದ್ದು ಗೊತ್ತಾಯಿತು. ಒಳಗೆ ಹೋದ ಮೇಲೆ ಆ ಹಿಡಿತ ಬಿಟ್ಟುಹೋಯಿತು.

"ಅತ್ತೆ, ಹತ್ತುದ್ರಾ?" ಎಂದು ಕೂಗಿದೆ.

"ಹತ್ತಿದೀನಿ ಕಣವ್ವ," ಎಂದು ಹಿಂದಿನಿಂದ ಒಂದು ಮುದಿದನಿ ಬಂತು.

ಚೀಲವಿದ್ದ ಸೀಟಿನ ಪಕ್ಕದಲ್ಲಿ ಬಿಳಿ ಅಂಗಿಯ ಒಬ್ಬರು ಕಂಬಿಗೆ ಜೋತುಬಿದ್ದಿದ್ದರು. "ಏನ್ ಕಾಲ ಬಂತಪ್ಪಾ, ಚೀಲ ಕೂತೈತೆ, ಮನುಷ್ರು ನಿಂತವ್ರೆ," ಎಂದರು.

"ಸೀಟು ನಮ್ಮತ್ತೆಗೆ. ಹಿಂದ್ಗಡೆ ಬರ್ತಾವ್ರೆ. ಕಣ್ಣು ಕಾಣಲ್ಲ."

"ಕೂರಕ್ಕೆ ಕಣ್ಣು ಯಾಕಮ್ಮ?"

ಸುತ್ತಲಿನವರು ನಕ್ಕರು. ನಾನು ಮಂಡಿನೋವು ಸೇರಿಸಿದೆ. ಅವರು ಜಗ್ಗಲಿಲ್ಲ, ಚೀಲವನ್ನೆತ್ತಿ ನನ್ನ ಕೈಗೆ ಕೊಡಲು ನೋಡಿದರು. ಆಗ ಹೇಳಿದೆ: "ಹಾರ್ಟ್ ಪೇಷಂಟ್ ಕಣ್ರೀ. ಎರಡು ಸಲ ಆಗೈತೆ. ಜಾಸ್ತಿ ಹೊತ್ತು ನಿಂತ್ರೆ ಉಳಿಯಲ್ಲ ಅಂದವ್ರೆ." ಅತ್ತೆ ದಿನಾ ಬೆಳಿಗ್ಗೆ ಎರಡು ಕೊಡ ನೀರು ಹೊತ್ತು ತರುವವರು. ಆದರೆ ಮಾತು ಬಾಯಿಂದ ಹೊರಟಾಗಿತ್ತು.

ಬಸ್ಸಿನಲ್ಲಿದ್ದವರೆಲ್ಲ ಲೊಚಗುಟ್ಟಿದರು. ಬಿಳಿ ಅಂಗಿಯವರು ಚೀಲವನ್ನು ಮೊದಲಿದ್ದಂತೆಯೇ ಇಟ್ಟು ತಾವೇ ಕೂಗಿದರು, "ಲೇ, ಹಿಂದ್ಗಡೆ ಅಜ್ಜಿ ಐತಂತೆ, ಹಾರ್ಟಿಂದು, ಮುಂದಕ್ಕೆ ಕಳಿಸ್ರೋ." ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ಟು, ಚಿಲ್ಲರೆ, ಮಕ್ಕಳು ಕೈಯಿಂದ ಕೈಗೆ ಸಾಗುವಂತೆ ಅಜ್ಜಿಯೂ ಸಾಗಿ ಬಂದರು. ಒಬ್ಬರು ತೋಳು ಹಿಡಿದರು, ಇನ್ನೊಬ್ಬರು ಬೆನ್ನು ಆನಿಸಿದರು, ಮತ್ತೊಬ್ಬರು ತಮ್ಮ ಕಾಲನ್ನೇ ಎತ್ತಿ ದಾರಿ ಬಿಟ್ಟರು. ಕೊನೆಗೆ ನನ್ನೆದುರು ತಂದು ನಿಲ್ಲಿಸಿದರು.

ಅದು ನಮ್ಮತ್ತೆಯಾಗಿರಲಿಲ್ಲ.

ಆ ಅಜ್ಜಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವರು ಸೀಟು ನೋಡಿದರು, ನನ್ನನ್ನು ನೋಡಿದರು, ನಿಧಾನವಾಗಿ ಕೂತರು. "ಸರಿಯಾಗಿ ಕೂರುಸ್ಕೊಳಮ್ಮ ನಿಮ್ಮತ್ತೇನ," ಎಂದು ಬಿಳಿ ಅಂಗಿಯವರು ಹೇಳಿದರು. "ಕೂತ್ಕೊಳಿ ಅತ್ತೆ," ಎಂದೆ. ಬೇರೇನು ಹೇಳಬಹುದಿತ್ತೋ ಇವತ್ತಿಗೂ ಹೊಳೆದಿಲ್ಲ.

"ಯಾರ್ ಮಗಳೋ, ಒಳ್ಳೇದಾಗ್ಲಿ," ಎಂದು ಅಜ್ಜಿ ಪಿಸುಗುಟ್ಟಿದರು. "ಯಾರೋ ಕೂಗುದ್ರು, ಹೂಂ ಅಂದೆ. ಕರದೋರಿಗೆ ಇಲ್ಲ ಅನ್ನಕಾಯ್ತದ?"

ಹಾಗಾದರೆ ಸೆರಗು ಹಿಡಿದದ್ದೂ ಇವರೇ. ನಮ್ಮತ್ತೆ ಅಜ್ಜಂಪುರದ ಸ್ಟ್ಯಾಂಡಿನಲ್ಲಿ, ಕಣ್ಣು ಕಾಣದೆ, ಫೋನಿಲ್ಲದೆ ನಿಂತಿದ್ದಾರೆ. ಇಳಿದು ವಾಪಸು ಓಡಬೇಕೆಂದರೆ ಎರಡೂ ಬಾಗಿಲು ನನಗೆ ಬೇರೆ ಊರುಗಳಷ್ಟು ದೂರ. ಕಂಡಕ್ಟರ್ ಎಲ್ಲೋ ಹಿಂದೆ ಸಿಕ್ಕಿಕೊಂಡಿದ್ದರು. "ನಮ್ಮತ್ತೆ ಅಲ್ಲೇ ಉಳ್ಕೊಂಡ್ರು," ಎಂದು ಕೂಗಿದೆ. "ಏ ತಾಯಿ, ಈಗಷ್ಟೇ ಹೊತ್ಕೊಂಡು ಬಂದು ಕೂರ್ಸಿದ್ವಲ್ಲ," ಎಂದರು ಅಲ್ಲಿದ್ದವರೊಬ್ಬರು. ಇಡೀ ಬಸ್ಸೇ ಸಾಕ್ಷಿ. ತರೀಕೆರೆಯವರೆಗೂ ಬಾಗಿಲಿನತ್ತ ನುಗ್ಗಲು ನೋಡಿದೆ, ದಾರಿ ಸಿಗಲಿಲ್ಲ.

ತರೀಕೆರೆಯಲ್ಲಿ ಹಿಂದಿನ ಬಾಗಿಲಿನಿಂದ ಇಳಿದು, ವಾಪಸು ಹೋಗುವ ಬಸ್ಸು ಹುಡುಕುತ್ತಾ ನಿಂತೆ. ಅಷ್ಟರಲ್ಲಿ ಅದೇ ಬಸ್ಸಿನ ಮುಂದಿನ ಬಾಗಿಲಿನಿಂದ ನಮ್ಮತ್ತೆ ಇಳಿದರು. ಸೀರೆ ಒಂದಿಷ್ಟೂ ಮುದುಡಿರಲಿಲ್ಲ. ಹತ್ತುವಾಗಲೇ ಜನ ಅವರನ್ನು ಮುಂದಿನ ಬಾಗಿಲಿನತ್ತ ತಳ್ಳಿದ್ದರಂತೆ. ಡ್ರೈವರು ಕರೆದು ಬಾನೆಟ್ಟಿನ ಮೇಲೆ ಕೂರಿಸಿಕೊಂಡಿದ್ದರಂತೆ.

"ಅತ್ತೆ, ಒಂದ್ ಕೂಗು ಕೂಗಬಾರ್ದಾ?"

"ಕೂಗೋಣ ಅಂತಿದ್ದೆ. ಅಷ್ಟರಲ್ಲಿ ನೀನು ನನಗೆ ಹಾರ್ಟು ಅಂದೆ ಕಣೇ. ಇನ್ನೇನೇನು ಐತೋ ಕೇಳೋಣ ಅಂತ ಸುಮ್ನಾದೆ."

ಛತ್ರ ತಲುಪಿದಾಗ ಹತ್ತು ಗಂಟೆ ಐದು ನಿಮಿಷ. ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು. "ನಾನೂ ಅದೇ ಬಸ್ಸಲ್ಲಿ ಬಂದೆ ಮೇಡಂ. ಹಾರ್ಟ್ ಎರಡು ಸಲ ಆಗಿರೋರನ್ನ ಇವತ್ತು ವ್ಯಾನ್ ಹತ್ತಿಸಲ್ಲ. ಎಲ್ಲ ಟೆಸ್ಟ್ ಮಾಡಿಸಿ ಮುಂದಿನ ಶಿಬಿರಕ್ಕೆ ಬನ್ನಿ."

ಅತ್ತೆಯ ಮುಖದಲ್ಲಿದ್ದ ನಗು ಹೋಯಿತು. ಅವರು ನನ್ನ ಕೈ ಹಿಡಿದುಕೊಂಡರು. ಆ ಬೆಳಿಗ್ಗೆ ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸುಳ್ಳು ಹೇಳ್ದೆ ಸಿಸ್ಟರ್," ಎಂದೆ. ಸಾಲಿನಲ್ಲಿ ಬಸ್ಸಿನವರು ಇನ್ನೂ ನಾಲ್ಕು ಜನ ಇದ್ದರು. "ಸೀಟಿಗೆ."

ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಬಿಪಿ ನೋಡಿದರು, ಅತ್ತೆಯನ್ನು ಛತ್ರದ ಮೆಟ್ಟಿಲು ಎರಡು ಸಲ ಹತ್ತಿಸಿ ಇಳಿಸಿದರು. ಏನೂ ಇಲ್ಲವೆಂದರು. ನರ್ಸ್ ಮಾತ್ರ ಬರವಣಿಗೆಯಲ್ಲೇ ಬೇಕೆಂದರು. ಬಿಳಿ ಹಾಳೆಯಲ್ಲಿ ಬರೆದೆ: ನಮ್ಮ ಅತ್ತೆಯವರಿಗೆ ಹೃದಯದ ಕಾಯಿಲೆ ಯಾವತ್ತೂ ಇರಲಿಲ್ಲ. ಈ ದಿನ ಬಸ್ಸಿನಲ್ಲಿ ನಾನು ಹೇಳಿದ್ದು ಸೀಟಿಗಾಗಿ ಹೇಳಿದ ಸುಳ್ಳು. ಸಾಕ್ಷಿ ಬೇಕೆಂದಾಗ, ಅದೇ ಸಾಲಿನಲ್ಲಿ ಕಣ್ಣು ತೋರಿಸಲು ಬಂದಿದ್ದ ನನ್ನ ಸೀಟಿನ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅತ್ತೆಯ ಹೆಸರೂ ಪಟ್ಟಿಗೆ ಸೇರಿತು.

ಅತ್ತೆಗೆ ಓದಲು ಬರುತ್ತದೆ, ಆದರೆ ಕಣ್ಣು ಕಾಣುವುದಿಲ್ಲ. "ಓದೇ," ಎಂದರು. ಓದಿದೆ. "ಇನ್ನೊಂದ್ ಸಲ. ಸ್ವಲ್ಪ ಜೋರಾಗಿ." ವ್ಯಾನಿನವನು ಹಾರ್ನ್ ಹೊಡೆಯುವಷ್ಟರಲ್ಲಿ ಮೂರು ಸಲ ಓದಿದ್ದೆ.