ಎದೆಯ ಗುಳಿಗೆ, ಮೊಣಕಾಲಿನ ಗುಳಿಗೆ

ರಾಚಪ್ಪ ಕಾಕಾ ಡಾಕ್ಟರರ ಚೀಟಿಯನ್ನು ಎಂದೂ ಮೊದಲು ನೋಡಿದವರಲ್ಲ. ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಎದುರು ಅವರ ಮೆಡಿಕಲ್ ಅಂಗಡಿ. ಯಾರೇ ಬರಲಿ, ಕನ್ನಡ, ಉರ್ದು, ತೆಲುಗು ಯಾವುದರಲ್ಲಾದರೂ ಒಂದೇ ಮಾತು: “ಮೊದಲ ಚೀಲ ಸುರೀರಿ. ಮನ್ಯಾಗ ಏನೇನ್ ನುಂಗ್ಲತ್ತೀರಿ ನೋಡಾಮು.” ಒಮ್ಮೆ ಒಬ್ಬ ಅಜ್ಜನ ಚೀಲದಿಂದ ಹಲ್ಲಿನ ಸೆಟ್ಟೇ ಗಾಜಿನ ಮೇಲೆ ಬಿತ್ತು. ಕಾಕಾ ಅದನ್ನು ಗಂಭೀರವಾಗಿ ಹಿಂತಿರುಗಿಸಿ, “ಇದು ಊಟಕ್ಕ ಮೊದಲ” ಎಂದರು. ಇವರ ತನಿಖೆಯಿಂದ ಬಸ್ಸು ತಪ್ಪಿಸಿಕೊಂಡು ಎಷ್ಟೋ ಸಲ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಅವ್ವನ ಹೃದಯದ ಕವಾಟ ಬದಲಿಸಿದ ಮೇಲೆ, ಹೊಸ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಹೈದರಾಬಾದಿನ ಡಾಕ್ಟರು ದಿನಕ್ಕೊಂದು ಆಸ್ಪಿರಿನ್ ಬರೆದುಕೊಟ್ಟಿದ್ದರು. ಕೆಲವು ತಿಂಗಳಾದ ಮೇಲೆ ರಕ್ತ ಪರೀಕ್ಷಿಸಿ, ಗುಳಿಗೆ ಕೆಲಸವನ್ನೇ ಮಾಡುತ್ತಿಲ್ಲ, ಕೆಲವರ ಮೈಗೆ ಅದು ಹತ್ತುವುದಿಲ್ಲ ಎಂದರು. ಹೆಪ್ಪು ಮೆದುಳಿಗೆ ಹೋದರೆ ಕಷ್ಟ. ಅವ್ವ ಒಂದು ದಿನವೂ ಗುಳಿಗೆ ತಪ್ಪಿಸಿದವಳಲ್ಲ.

ನಮ್ಮೂರು ನ್ಯಾಲ್ಕಲ್‌ಗೆ ಮರಳುವ ದಾರಿಯಲ್ಲಿ ಅವಳನ್ನೂ ಕಾಕಾನ ಅಂಗಡಿಗೆ ಕರೆದೊಯ್ದೆ. ಅಲ್ಲಿಯವರೆಗೆ ಅವಳ ಔಷಧಿಗೆ ಹೋಗುತ್ತಿದ್ದವನು ನಾನೊಬ್ಬನೇ. ಅವ್ವ ಚೀಲ ಸುರಿದಳು. ಕಾಕಾ ಅವಳ ಸೊಂಟದ ಎಲೆಯಡಿಕೆ ಸಂಚಿಯನ್ನೂ ಬಿಡಲಿಲ್ಲ. ಅದರಲ್ಲಿ ಪೇಪರ್ ಚೂರಿನಲ್ಲಿ ಸುತ್ತಿದ ಬಿಳಿ ಗುಳಿಗೆಗಳಿದ್ದವು.

“ಇವು ಯಾವಕ್ಕಾ?”

“ಮೊಣಕಾಲಿಂದು. ಮುಂಜಾನಿ ಎದ್ದ ಕೂಡ್ಲೆ ಒಂದು ನುಂಗಿದ್ರ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕ ಬರ್ತದ. ರೊಟ್ಟಿ ತಿಂದಮ್ಯಾಲ ಎದಿ ಗುಳಗಿ.”

“ಡಾಕ್ಟರ್ ಸಾಬ್ರಿಗಿ ಹೇಳಿಲ್ಲೇನವ್ವಾ?” ಎಂದು ನಾನು ಕೂಗಿಯೇಬಿಟ್ಟೆ.

“ಅವ್ರು ಎದಿ ಡಾಕ್ಟರ್. ಮೊಣಕಾಲಿನ ಸುದ್ದಿ ಅವ್ರು ಎಲ್ಲಿ ಕೇಳ್ಯಾರ?”

ಕಾಕಾ ಒಂದು ಗುಳಿಗೆಯನ್ನು ಬೆಳಕಿಗೆ ಹಿಡಿದರು. “ಬಸ್ಸಿನ್ಯಾಗ ಸೀಟಿಗಿ ಟಾವೆಲ್ ಒಗದಂಗ, ಈ ನೋವಿನ ಗುಳಗಿ ಮೊದಲ ಹೋಗಿ ರಕ್ತದಾಗ ಜಾಗ ಹಿಡೀತದ. ಆಸ್ಪಿರಿನ್‌ಗ ಕೂಡಾಕ ಜಾಗ ಎಲ್ಲದ? ಯಾರು ತಂದು ಕೊಟ್ರು?”

“ಮಗ್ಗಲ ಮನಿ ಮಾಣಿಕಮ್ಮ.” ಯಾವ ಅಂಗಡಿಯದೆಂದು ಅವ್ವನಿಗೆ ಗೊತ್ತಿರಲಿಲ್ಲ.

ಆ ಅಂಗಡಿಯವನನ್ನು ಬೈಯಲು ನಾನು ಬಾಯಿ ತೆರೆದಿದ್ದೆ. ಕಾಕಾ ಕೈ ಅಡ್ಡ ಮಾಡಿದರು. “ನಂದೇ ಅಂಗಡೀದು, ತಮ್ಮಾ. ಮಾಣಿಕಮ್ಮಗ ನಾನೇ ಬಿಡಿ ಗುಳಗಿ ಕಟ್ಟಿ ಕೊಟ್ಟೀನಿ. ಯಾರಿಗಿ ಅಂತ ಕೇಳಲಿಲ್ಲ. ತಪ್ಪಾತಕ್ಕಾ.”

ಸುಮ್ಮನಿದ್ದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲೇ ನಿಂತು ಅವರೇ ಡಾಕ್ಟರಿಗೆ ಫೋನ್ ಮಾಡಿ ತಮ್ಮ ತಪ್ಪನ್ನೂ ಸೇರಿಸಿ ಎಲ್ಲ ಹೇಳಿದರು. ನೋವಿನ ಗುಳಿಗೆ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಎಂದು ಡಾಕ್ಟರು ಹೇಳಿದರು. ಆ ವಾರಗಳನ್ನು ನಾನು ಹೇಗೆ ಕಳೆದೆನೋ ದೇವರೇ ಬಲ್ಲ.

ಈ ಸಲ ಆಸ್ಪಿರಿನ್ ಸರಿಯಾಗಿ ಹತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು. ರಿಪೋರ್ಟು ಹಿಡಿದು ಕಾಕಾನಲ್ಲಿಗೆ ಓಡಿದೆ. ಅದೇ ನಮ್ಮ ಕೊನೆಯ ಭೇಟಿ. ಆಮೇಲೆ ಅವರು ಅಂಗಡಿ ಬಿಟ್ಟು ತಾಂಡೂರಿನ ಮಗಳ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ರಿಪೋರ್ಟು ಒಯ್ದ ಆ ದಿನ ಅವರು ನನಗಿಂತ ಸೊರಗಿಹೋಗಿದ್ದರು. ರಿಪೋರ್ಟನ್ನು ಎರಡು ಸಲ ಓದಿ, ಸ್ಟೂಲಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಅವ್ವಗ ಹೇಳು, ತಮ್ಮಾ. ಇವತ್ತ ನನಗ ನಿದ್ದಿ ಬರ್ತದ.”