ಆಲ್ಮೋಸ್ಟ್ ಡಾಕ್ಟರ್

ಶರಣ್, ಪ್ರಜ್ಞಾ, ಕಾಪುವಿನ ಮದುವೆ ದಲ್ಲಾಳಿಯೊಬ್ಬರ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ಚಾವಡಿಯಲ್ಲಿ ಕೊಡೆಯನ್ನು ಮೊಣಕಾಲಿಗೆ ಒರಗಿಸಿ ಕುಳಿತರೆ ಅವರದ್ದು ಮಾತಿಗೊಂದು ‘ಆಲ್ಮೋಸ್ಟ್’. ಹಾಗೆಂದರೆ ಹೆಚ್ಚುಕಡಿಮೆ ಎಂದು ಅರ್ಥವಂತೆ. ಹೆಚ್ಚು ಎಷ್ಟು, ಕಡಿಮೆ ಎಷ್ಟು ಎಂದು ಮಾತ್ರ ಹೇಳುತ್ತಿರಲಿಲ್ಲ.

“ಕಾರ್ಕಳದ ಹುಡುಗ. ಆಲ್ಮೋಸ್ಟ್ ಡಾಕ್ಟರ್ ಮಾರಾಯ್ರೆ!” ಎಂದು ನನಗೊಂದು ಸಂಬಂಧ ತಂದರು.

ಹೆಣ್ಣು ನೋಡಲು ಬಂದ ಹುಡುಗನ ತಾಯಿ ಕೇಳಿದರು: “ನೀನು ಆಲ್ಮೋಸ್ಟ್ ಬಿ.ಎ. ಅಂತೆ, ಅಲ್ವಾ ಮಗಾ?”

ಕೈಯಲ್ಲಿದ್ದ ಕಾಫಿ ತಟ್ಟೆಯನ್ನು ಕೆಳಗಿಟ್ಟೆ. ಈಗ ಹೂಂ ಎಂದರೆ ಜೀವಮಾನವಿಡೀ ಹೂಂ ಎನ್ನಬೇಕು. “ಏಳನೇ ಕ್ಲಾಸು,” ಎಂದೆ, ನೆಲ ನೋಡುತ್ತಾ.

ಅಪ್ಪನ ಮುಖ ಬಾಡಿತು. ಸಂಬಂಧ ತಪ್ಪಿತೆಂದೇ ಎಲ್ಲರೂ ತಿಳಿದರು. ಆಗ ಹುಡುಗ ನಕ್ಕು, “ನಾನೂ ಡಾಕ್ಟರಲ್ಲ. ಡಾಕ್ಟರ ಹತ್ತಿರ ಮದ್ದು ಕಟ್ಟಿಕೊಡುವ ಕಂಪೌಂಡರ್,” ಎಂದರು.

ಎಲ್ಲರೂ ದಲ್ಲಾಳಿಯತ್ತ ತಿರುಗಿದರು. ಅವರು ಕೊಡೆ ಎತ್ತಿಕೊಂಡು, “ಹಾಗಾದರೆ ಜೋಡಿ ಆಲ್ಮೋಸ್ಟ್ ಸಮ ಉಂಟಲ್ಲ!” ಎಂದರು.

ಆ ಹುಡುಗನೇ ನಿಮ್ಮ ಅಜ್ಜ. ಈ ಹಾಳೆಗಳನ್ನು ಕಳೆಯಬೇಡಿ, ಮಕ್ಕಳೇ. ನಿಮಗೆ ಸಂಬಂಧ ಹೇಳಲು ಯಾರಾದರೂ ಬಂದ ದಿನ ತೆಗೆದು ಓದಿ.